ತೆರೆದ ಕಲ್ಲಿದ್ದಲು ಗಣಿಯಲ್ಲಿ ಮಳೆಗಾಲದ ನೀರು ಮತ್ತು ಅಪಾಯಗಳ ನಿರ್ವಹಣೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಮೃಗಶಿರಾ ಮಳೆ ಕೂಡಿದ ವಾರದೊಳಗೆ ಗಣಿಯ ತಳ ಮುಳುಗುತ್ತದೆ, ತರಾತುರಿಯಲ್ಲಿ ಇನ್ನೆರಡು ಪಂಪ್‌ಗಳನ್ನು ತರಿಸಲಾಗುತ್ತದೆ, ಪುನರ್ವಸು ಮಳೆಗೆ ಅದೇ ತಳ ಮತ್ತೆ ಮುಳುಗುತ್ತದೆ. ವರ್ಷವರ್ಷವೂ ಹೀಗಾಗುವ ಗಣಿಗಳಲ್ಲಿ ಕೊರತೆಯಿರುವುದು ಸಾಮಾನ್ಯವಾಗಿ ಪಂಪ್‌ಗಳದ್ದಲ್ಲ, ಕೆಲಸದ ಕ್ರಮದ್ದು. ನೀರು ಎಲ್ಲಿಂದ ಬರುತ್ತದೆ ಎಂದು ಗುರುತಿಸುವುದು, ಬರುವ ನೀರನ್ನು ಹೊರಗೇ ತಡೆಯುವುದು, ತಡೆಯಲಾಗದ್ದನ್ನು ಒಂದೆಡೆ ಕೂಡಿಸುವುದು, ಆಮೇಲೆ ಎತ್ತಿ ಹಾಕುವುದು ಎಂಬ ಕ್ರಮದಲ್ಲಿ ಪಂಪ್ ಬರುವುದು ಕೊನೆಗೆ. ಅದನ್ನೇ ಮೊದಲು ಮಾಡಿದರೆ ಉಳಿದ ಮೂರು ಹೆಜ್ಜೆಗಳು ಉಳಿದೇ ಹೋಗುತ್ತವೆ.

ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲು ಗಣಿಯಿಲ್ಲ. ಆದರೆ ಕರ್ನಾಟಕ ವಿದ್ಯುತ್ ನಿಗಮಕ್ಕೆ ಹಂಚಿಕೆಯಾಗಿರುವ ಬರಾಂಜ್ ಗಣಿಗಳು ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿವೆ, ಮತ್ತು ತೆಲಂಗಾಣದ ಸಿಂಗರೇಣಿ ಹಾಗೂ ಮಹಾರಾಷ್ಟ್ರದ ವಾರ್ಧಾ ಕಣಿವೆಯ ಗಣಿಗಳಲ್ಲಿ ದುಡಿಯುವವರಲ್ಲಿ ಕನ್ನಡಿಗರೂ ಇದ್ದಾರೆ. ಆದ್ದರಿಂದ ಈ ಮಾರ್ಗದರ್ಶಿಯು ವಾರ್ಧಾ ಕಣಿವೆಯಂಥ ಪರಿಸ್ಥಿತಿಯನ್ನು ಎದುರಿಗಿಟ್ಟುಕೊಂಡಿದೆ: ಮೇಲೆ ಎರೆಮಣ್ಣು, ಹತ್ತಿರದಲ್ಲೊಂದು ನದಿ ಅಥವಾ ಹಳ್ಳ, ಪಕ್ಕದಲ್ಲಿ ಹಿಂದೆಂದೋ ನೆಲದಡಿಯಲ್ಲಿ ಅಗೆದು ಬಿಟ್ಟ ಗ್ಯಾಲರಿಗಳು, ಅಂದರೆ ಸುರಂಗದಾರಿಗಳು. ಇಲ್ಲಿ ಹೇಳಿರುವ ಯಾವ ಹಂತವೂ ಗಣಿ ವ್ಯವಸ್ಥಾಪಕರ ಶಾಸನಬದ್ಧ ಹೊಣೆಯನ್ನಾಗಲಿ, ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಅನುಮತಿಯನ್ನಾಗಲಿ ಬದಲಿಸುವುದಿಲ್ಲ.

## ಮೊದಲು ಕೈಗೆ ಸಿಗಬೇಕಾದ ಸಾಮಗ್ರಿ

ಜನವರಿಯಲ್ಲಿ ಕೆಲಸ ಆರಂಭಿಸಿದರೆ ಮೇ ತಿಂಗಳ ಮಧ್ಯಕ್ಕೆ ಮುಗಿಯುತ್ತದೆ. ಏಪ್ರಿಲ್‌ನಲ್ಲಿ ಆರಂಭಿಸಿದರೆ ಮುಗಿಯುವುದಿಲ್ಲ. ಸಮೋನ್ನತಿ ರೇಖೆಗಳಿರುವ ಇತ್ತೀಚಿನ ಮೇಲ್ಮೈ ನಕ್ಷೆ, ಸ್ವಂತ ಹಾಗೂ ನೆರೆಯ ಗಣಿಗಳ ಹಳೆಯ ನಕ್ಷೆಗಳು, ಕೊರೆದ ಎಲ್ಲ ಬೋರ್‌ಹೋಲ್‌ಗಳ ಪಟ್ಟಿ, ಕನಿಷ್ಠ ಹತ್ತು ವರ್ಷಗಳ ದೈನಂದಿನ ಮಳೆಯ ದಾಖಲೆ ಮತ್ತು ನದಿಯ ಅತ್ಯುನ್ನತ ಪ್ರವಾಹ ಮಟ್ಟದ ಅಂಕಿ ಮೇಜಿನ ಮೇಲಿರಬೇಕು.

ಸ್ಥಳದಲ್ಲಿ ಬೇಕಾಗುವ ಉಪಕರಣಗಳು ಹೆಚ್ಚೇನಲ್ಲ. ಮಳೆಮಾಪಕ, ಸಂಪ್‌ನಲ್ಲಿ (ತಳದ ನೀರನ್ನು ಕೂಡಿಸುವ ಗುಂಡಿಯಲ್ಲಿ) ನಿಲ್ಲಿಸುವ ಅಳತೆ ಪಟ್ಟಿ, ಜಿನುಗು ನೀರನ್ನು ಅಳೆಯಲು 90 ಡಿಗ್ರಿಯ ವಿ-ನಾಚ್ ಹಲಗೆ (V ಆಕಾರದ ಸಂದಿ ಕೊರೆದ ಹಲಗೆ), ಬೋರ್‌ಹೋಲ್‌ನ ನೀರಿನ ಮಟ್ಟ ಅಳೆಯುವ ಟೇಪ್, ಬಿರುಕುಗಳ ಎರಡೂ ಬದಿಗೆ ನೆಡಲು ಗೂಟಗಳು, ಮೀಥೇನ್, ಇಂಗಾಲದ ಮಾನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಮತ್ತು ಆಮ್ಲಜನಕವನ್ನು ಒಟ್ಟಿಗೆ ತೋರಿಸುವ ಅನಿಲ ಮಾಪಕ, ಸಂಪ್ ಬಳಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್, ಇಡೀ ಗಣಿಗೆ ಕೇಳಿಸುವ ಸೈರನ್. ಇವುಗಳಲ್ಲಿ ವಿ-ನಾಚ್ ಹಲಗೆ ಅತ್ಯಂತ ಅಗ್ಗದ್ದು, ಅತ್ಯಂತ ಕಡಿಮೆ ಕಾಣಸಿಗುವುದೂ ಅದೇ. ಅದಿಲ್ಲದೆ ಜಿನುಗು ಹೆಚ್ಚಿತೋ ಇಲ್ಲವೋ ಎಂಬುದು ಬರೀ ಅಭಿಪ್ರಾಯವಾಗಿ ಉಳಿಯುತ್ತದೆ.

## ಹಂತ 1: ನೀರಿನ ದಾರಿಗಳನ್ನು ನೆಲದ ಮೇಲೆ ನಡೆದು ಗುರುತಿಸಿ

ಗಣಿಗೆ ನೀರು ಮೂರು ದಾರಿಯಲ್ಲಿ ಬರುತ್ತದೆ: ಮೇಲ್ಮೈಯಿಂದ ಹರಿದು, ಕಲ್ಲಿನ ಪದರಗಳಿಂದ ಜಿನುಗಿ, ಹಳೆಯ ಗ್ಯಾಲರಿಗಳಿಂದ ನುಗ್ಗಿ. ಮೊದಲ ಎರಡು ತಳವನ್ನು ಮುಳುಗಿಸುತ್ತವೆ. ಮೂರನೆಯದು ಜನರನ್ನು ಕೊಲ್ಲುತ್ತದೆ. ನಕ್ಷೆಯಲ್ಲಿ ಮೂರನ್ನೂ ಬೇರೆ ಬೇರೆ ಬಣ್ಣದಲ್ಲಿ ಗುರುತಿಸಿ.

ಸಮೋನ್ನತಿ ರೇಖೆಗಳ ಆಧಾರದ ಮೇಲೆ ಗಣಿಯತ್ತ ಇಳಿಜಾರಾಗಿರುವ ಎಲ್ಲ ಭೂಮಿಯ ಗಡಿ ಎಳೆದು, ಆ ಗಡಿಯ ಉದ್ದಕ್ಕೂ ಸರ್ವೇಯರ್ ಜೊತೆ ನಡೆಯಿರಿ. ನಕ್ಷೆಯಾದ ನಂತರ ಹಾಕಿದ ರಸ್ತೆ, ಹೊಸ ಡಂಪ್ (ಅಗೆದು ತೆಗೆದ ಮಣ್ಣುಕಲ್ಲಿನ ರಾಶಿ), ರೈತರು ಹೊಲಕ್ಕೆ ಕಟ್ಟಿದ ಬದು ಇವೆಲ್ಲ ನೀರಿನ ದಿಕ್ಕನ್ನು ಬದಲಿಸಿರುತ್ತವೆ. ನೆಲದಡಿಯ ಅಗೆತದ ಮೇಲಿನ ಭೂಮಿ ಕುಸಿದು ಉಂಟಾದ ಬಿರುಕುಗಳು, ಮುಚ್ಚದೆ ಬಿಟ್ಟ ಬೋರ್‌ಹೋಲ್‌ಗಳು, ಹಳೆಯ ಚಾಣಕಗಳ (ಗಣಿಗೆ ಇಳಿಯುವ ಬಾವಿಗಳ) ಬಾಯಿಗಳು ಕಂಡಲ್ಲೆಲ್ಲ ಗುರುತು ಹಾಕಿ. ಹುಲ್ಲು ಒಣಗಿರುವ ಫೆಬ್ರುವರಿ, ಮಾರ್ಚ್ ತಿಂಗಳುಗಳೇ ಈ ಕೆಲಸಕ್ಕೆ ತಕ್ಕ ಕಾಲ. ಮಳೆ ಬಿದ್ದ ಮೇಲೆ ಬಿರುಕುಗಳು ಹಸಿರಿನಡಿ ಮರೆಯಾಗುತ್ತವೆ.

ನದಿಯ ವಿಷಯದಲ್ಲಿ ನಿಯಮ ಸ್ಪಷ್ಟವಾಗಿದೆ. ನೆಲದಡಿಯ ಗಣಿಯ ಪ್ರವೇಶದ್ವಾರವು ಅತ್ಯುನ್ನತ ಪ್ರವಾಹ ಮಟ್ಟಕ್ಕಿಂತ ಕನಿಷ್ಠ 1.5 ಮೀಟರ್ ಎತ್ತರದಲ್ಲಿರಬೇಕು. ನದಿ, ಕಾಲುವೆ, ಕೆರೆಗಳ ಕೆಳಗೆ ಅಥವಾ ಅವುಗಳ ದಡದಿಂದ 15 ಮೀಟರ್ ಒಳಗೆ ಅನುಮತಿಯಿಲ್ಲದೆ ಅಗೆಯುವಂತಿಲ್ಲ. 1995ರ ಸೆಪ್ಟೆಂಬರ್‌ನಲ್ಲಿ ಧನಬಾದ್ ಬಳಿಯ ಗಸ್ಲಿಟಾಂಡ್‌ನಲ್ಲಿ ಕತ್ರಿ ನದಿ ಉಕ್ಕಿ ಗಣಿಯೊಳಗೆ ನುಗ್ಗಿದಾಗ 64 ಮಂದಿ ಸತ್ತರು. ಪ್ರವಾಹ ಮಟ್ಟದ ಗುರುತಿನ ಕಂಬಗಳನ್ನು ಶಾಶ್ವತವಾಗಿ ನೆಟ್ಟು, ಪ್ರತಿ ಮಳೆಗಾಲದ ಮೊದಲು ಬಣ್ಣ ಬಳಿದು, ಅವು ದೂರದಿಂದಲೂ ಕಾಣುವಂತೆ ಇಟ್ಟುಕೊಳ್ಳಿ.

ಇಲ್ಲಿ ಪದೇಪದೇ ಆಗುವ ತಪ್ಪು ಕಳೆದ ವರ್ಷದ ಮಳೆಗಾಲದ ನಕ್ಷೆಗೆ ದಿನಾಂಕ ಮಾತ್ರ ಬದಲಿಸಿ ಸಹಿ ಹಾಕುವುದು. ತೆರೆದ ಗಣಿಯ ಆಕಾರ ಒಂದು ವರ್ಷದಲ್ಲಿ ಪೂರ್ತಿ ಬದಲಾಗಿರುತ್ತದೆ.

## ಹಂತ 2: ನೀರಿನ ಲೆಕ್ಕ ಹಾಕಿ

ಒಂದು ಹೆಕ್ಟೇರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 10 ಘನ ಮೀಟರ್ ನೀರು. ಈ ಒಂದು ಅಂಕಿಯಿಂದ ಎಲ್ಲ ಲೆಕ್ಕವೂ ಹೊರಡುತ್ತದೆ.

ಗಣಿಯ ಗುಂಡಿಯ ವಿಸ್ತಾರ 80 ಹೆಕ್ಟೇರ್ ಎಂದುಕೊಳ್ಳೋಣ. ಒಂದು ದಿನದಲ್ಲಿ 100 ಮಿ.ಮೀ. ಮಳೆ ಬಿದ್ದು, ಅದರಲ್ಲಿ ನೂರಕ್ಕೆ 70ರಷ್ಟು ಹರಿದು ತಳಕ್ಕೆ ಬಂದರೆ 56,000 ಘನ ಮೀಟರ್ ಆಗುತ್ತದೆ. ಗಂಟೆಗೆ 100 ಘನ ಮೀಟರ್ ಜಿನುಗು ನೀರಿದ್ದರೆ ಮೂರು ದಿನಕ್ಕೆ ಇನ್ನು 7,200. ಒಟ್ಟು 63,200 ಘನ ಮೀಟರ್ ನೀರನ್ನು ಮೂರು ದಿನದಲ್ಲಿ ಖಾಲಿ ಮಾಡಬೇಕು. ಪಂಪ್ ದಿನಕ್ಕೆ 24 ಗಂಟೆ ಓಡುತ್ತದೆಂದು ಎಣಿಸಬೇಡಿ; ವಿದ್ಯುತ್ ಕಡಿತ, ಜಾಲರಿ ಕಟ್ಟಿಕೊಳ್ಳುವುದು, ಸ್ಥಳ ಬದಲಾವಣೆ ಎಲ್ಲ ಕಳೆದರೆ 20 ಗಂಟೆ ಸಿಕ್ಕರೆ ಹೆಚ್ಚು. ಹಾಗಾಗಿ 60 ಗಂಟೆಗಳಲ್ಲಿ ಈ ನೀರನ್ನು ಎತ್ತಲು ಗಂಟೆಗೆ ಸುಮಾರು 1,050 ಘನ ಮೀಟರ್ ಸಾಮರ್ಥ್ಯ ಬೇಕು. ಗಂಟೆಗೆ 360 ಘನ ಮೀಟರ್ ಎತ್ತುವ ಮೂರು ಪಂಪ್‌ಗಳು, ಜೊತೆಗೆ ಕಾಯ್ದಿಟ್ಟ ಒಂದು.

ಈಗ ಸುತ್ತುಗಾಲುವೆ ಇಲ್ಲವೆಂದೋ ಒಡೆದಿದೆಯೆಂದೋ ಭಾವಿಸಿ. ಹೊರಗಿನ 40 ಹೆಕ್ಟೇರ್ ಭೂಮಿಯ ಮಳೆಯಲ್ಲಿ ಅರ್ಧ ಮಾತ್ರ ಒಳಗೆ ಬಂದರೂ ಅದು 20,000 ಘನ ಮೀಟರ್. ಒಂದು ಪಂಪ್‌ಗೆ ಅದು 55 ಗಂಟೆಗೂ ಮೀರಿದ ಕೆಲಸ. 90 ಮೀಟರ್ ಎತ್ತರಕ್ಕೆ ಎತ್ತಬೇಕಾದರೆ ಸುಮಾರು 7,000 ಯೂನಿಟ್ ವಿದ್ಯುತ್ತು. ಒಂದೇ ಮಳೆಗೆ ಇಷ್ಟು. ಕಾಲುವೆಗೆ ಹಣ ಕೇಳುವಾಗ ಈ ಲೆಕ್ಕವನ್ನು ಮೇಲಧಿಕಾರಿಗಳ ಮುಂದಿಡಿ. ನೀತಿಯ ಮಾತಿಗಿಂತ ಇದು ಬೇಗ ತಲುಪುತ್ತದೆ.

ಜಿನುಗು ನೀರಿನ ಅಂಕಿಯನ್ನು ಬೇಸಿಗೆಯಲ್ಲೇ ವಿ-ನಾಚ್ ಹಲಗೆಯಿಂದ ಅಳೆದುಕೊಳ್ಳಿ. 90 ಡಿಗ್ರಿಯ ಸಂದಿಯಲ್ಲಿ ನೀರು 10 ಸೆಂ.ಮೀ. ಎತ್ತರ ಹರಿದರೆ ಸೆಕೆಂಡಿಗೆ ಸುಮಾರು 4.4 ಲೀಟರ್, 20 ಸೆಂ.ಮೀ. ಹರಿದರೆ ಸುಮಾರು 25 ಲೀಟರ್. ಎತ್ತರ ಇಮ್ಮಡಿಯಾದಾಗ ಹರಿವು ಐದೂವರೆ ಪಟ್ಟಿಗೂ ಮೀರುತ್ತದೆ ಎಂಬುದನ್ನು ಅಳತೆ ಬರೆಯುವ ಪಂಪ್ ಖಲಾಸಿಗೆ ವಿವರಿಸಿ ಹೇಳಿ, ಏಕೆಂದರೆ ಹಲಗೆಯ ಮೇಲೆ ಸಣ್ಣದಾಗಿ ಕಾಣುವ ಏರಿಕೆಯೇ ಅಪಾಯದ ಮೊದಲ ಸುದ್ದಿಯಾಗಿರಬಹುದು.

## ಹಂತ 3: ಸುತ್ತುಗಾಲುವೆ ತೋಡಿ, ಒಡ್ಡು ಕಟ್ಟಿ

ಗಾರ್ಲ್ಯಾಂಡ್ ಡ್ರೈನ್ ಎಂದು ಕರೆಯುವ ಈ ಕಾಲುವೆ ಗಣಿಯನ್ನು ಮೇಲ್ಭಾಗದಿಂದ ಬಳಸಿ, ಹೊರಗಿನ ನೀರನ್ನು ಸಹಜ ಹಳ್ಳಕ್ಕೆ ಸೇರಿಸಬೇಕು. ಅಗಲವನ್ನು ಅಂದಾಜಿನಲ್ಲಿ ತೀರ್ಮಾನಿಸಬೇಡಿ. ಬಿದ್ದ ಮಳೆಯಲ್ಲಿ ಹರಿಯುವ ಭಾಗ, ಗಂಟೆಗೆ ಮಿ.ಮೀ. ಲೆಕ್ಕದಲ್ಲಿ ಮಳೆಯ ತೀವ್ರತೆ ಮತ್ತು ಹೆಕ್ಟೇರ್‌ಗಳನ್ನು ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಎಂಬುದು ಸಿಗುತ್ತದೆ. ಮೇಲಿನ 40 ಹೆಕ್ಟೇರ್‌ಗೆ ಗಂಟೆಗೆ 60 ಮಿ.ಮೀ. ತೀವ್ರತೆಯ ಮಳೆ ಹಿಡಿದು, ಅರ್ಧ ಹರಿಯುತ್ತದೆಂದು ಎಣಿಸಿದರೆ 3.3 ಘನ ಮೀಟರ್ ಬರುತ್ತದೆ. ತಳದಗಲ 1 ಮೀಟರ್, ಬದಿಗಳು ಒಂದು ಮೀಟರ್ ಎತ್ತರಕ್ಕೆ ಒಂದು ಮೀಟರ್ ಹೊರಕ್ಕೆ ಇಳಿಜಾರು, ನೀರಿನ ಆಳ 1.1 ಮೀಟರ್ ಇದ್ದು, ಉದ್ದಕ್ಕೆ 230 ಮೀಟರ್‌ಗೆ ಒಂದು ಮೀಟರ್ ಇಳಿತವಿದ್ದರೆ ಈ ನೀರು ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ಹೋಗುತ್ತದೆ. ಮೇಲೆ 30ರಿಂದ 40 ಸೆಂ.ಮೀ. ಖಾಲಿ ಬಿಡಿ. ಈ ವೇಗಕ್ಕೆ ಎರೆಮಣ್ಣು ಕೊಚ್ಚಿಹೋಗುವುದರಿಂದ ತಿರುವುಗಳಲ್ಲಿ ಮತ್ತು ಇಳಿಜಾರು ಕಡಿದಾಗಿರುವಲ್ಲಿ ಕಲ್ಲು ಹಾಸಲೇಬೇಕು.

ತೋಡಿದ ಮಣ್ಣನ್ನು ಗಣಿಯ ಬದಿಗೆ ಹಾಕಿ ಒಡ್ಡಾಗಿಸಿ. ಹೊರಬದಿಗೆ ಹಾಕಿದರೆ ಹೊಲದ ನೀರು ಕಾಲುವೆಗೆ ಇಳಿಯುವ ದಾರಿಯೇ ಮುಚ್ಚಿಹೋಗಿ, ಒಡ್ಡಿನ ಹಿಂದೆ ನಿಂತು, ಒಡೆದಾಗ ಒಮ್ಮೆಗೇ ಗಣಿಗೆ ಬೀಳುತ್ತದೆ. ಹೀಗೆ ಹೊರಬದಿಗೆ ಹಾಕಿದ ಒಡ್ಡುಗಳು ಎಷ್ಟೋ ಕಡೆ ಕಾಣುತ್ತವೆ. ಲೋಡರ್ ಯಂತ್ರಕ್ಕೆ ಆ ಬದಿ ಸುಲಭ ಎಂಬುದಷ್ಟೇ ಅದಕ್ಕೆ ಕಾರಣ.

ಎರೆಮಣ್ಣಿನ ಒಡ್ಡಿನ ಬಗ್ಗೆ ವಿಶೇಷ ಎಚ್ಚರ ಬೇಕು. ಏಪ್ರಿಲ್‌ನಲ್ಲಿ ಗಟ್ಟಿಯಾಗಿ ಕಂಡ ಒಡ್ಡು ಮೇ ಬಿಸಿಲಿಗೆ ಆಳವಾಗಿ ಬಿರಿಯುತ್ತದೆ, ಮತ್ತು ಮೊದಲ ಮಳೆಯ ನೀರು ಆ ಬಿರುಕುಗಳಲ್ಲೇ ಹಾದು ಒಡ್ಡನ್ನು ಒಳಗಿನಿಂದ ಕೊರೆಯುತ್ತದೆ. ಮಣ್ಣನ್ನು ತೆಳು ಪದರಗಳಲ್ಲಿ ಹಾಕಿ, ಸ್ವಲ್ಪ ತೇವ ಮಾಡಿ, ರೋಲರ್ ಓಡಿಸಿ, ಮೇಲೆ ಗರಸು ಮಣ್ಣಿನ ಹೊದಿಕೆ ಕೊಡಿ. ಹೊದಿಕೆ ಒಳಗಿನ ಮಣ್ಣನ್ನು ಒಣಗಗೊಡುವುದಿಲ್ಲ. ಮೇ ಕೊನೆಯ ವಾರದಲ್ಲಿ ಇಡೀ ಒಡ್ಡಿನ ಮೇಲೆ ನಡೆದು ನೋಡುವುದನ್ನು ಮಾತ್ರ ಬಿಡಬೇಡಿ.

ಕಾಲುವೆಯನ್ನು ಗಣಿಯ ಅಂಚಿಗೆ ತೀರ ಹತ್ತಿರ ತರಬೇಡಿ. ಅಂಚಿನ ಹಿಂದಿನ ಬಿರುಕುಗಳಿಗೆ ಕಾಲುವೆಯ ನೀರು ಇಳಿದರೆ, ಗಣಿಯನ್ನು ಕಾಯಬೇಕಾದ ಕಾಲುವೆಯೇ ಗೋಡೆ ಕುಸಿಯಲು ಕಾರಣವಾಗುತ್ತದೆ. ಎಷ್ಟು ದೂರ ಎಂಬುದನ್ನು ಇಳಿಜಾರು ಸ್ಥಿರತೆಯ ಅಧ್ಯಯನದಿಂದ ನಿರ್ಧರಿಸಿ. ಹಂತ 1ರಲ್ಲಿ ಗುರುತಿಸಿದ ನೆಲದ ಬಿರುಕುಗಳನ್ನು ಜೇಡಿಮಣ್ಣು ತುಂಬಿ, ಕುಟ್ಟಿ, ಸುತ್ತಲಿನ ನೆಲಕ್ಕಿಂತ ಎತ್ತರವಾಗಿ ಮುಚ್ಚುವುದೂ ಇದೇ ಅವಧಿಯಲ್ಲಿ ಆಗಬೇಕು.

## ಹಂತ 4: ಒಳಗೆ ಬಿದ್ದ ನೀರಿಗೆ ದಾರಿ ತೋರಿಸಿ

ಗಣಿಯೊಳಗೆ ನೇರವಾಗಿ ಬಿದ್ದ ಮಳೆಯನ್ನು ತಡೆಯಲಾಗದು. ಅದು ಎಲ್ಲಿ ಹರಿಯಬೇಕೆಂದು ನಾವೇ ನಿರ್ಧರಿಸಬಹುದು. ಪ್ರತಿ ಬೆಂಚ್ (ಗಣಿಯ ಗೋಡೆಯಲ್ಲಿ ಮೆಟ್ಟಿಲಿನಂತೆ ಕಡಿದ ಹಂತ) ಅಂಚಿನ ಕಡೆಗೆ ಇಳಿಯದೆ ಒಳಬದಿಗೆ ಸ್ವಲ್ಪ ವಾಲಿರಲಿ, ಅಲ್ಲೊಂದು ಚರಂಡಿಯಿರಲಿ, ಆ ಚರಂಡಿ ಸಂಪ್ ಸೇರಲಿ. ಡಂಪರ್ ಓಡುವ ರಸ್ತೆಯ ನೀರು ರಸ್ತೆಯ ಮೇಲೇ ಹರಿಯದಂತೆ ಬದಿಗೆ ಇಳಿಜಾರು ಕೊಡಿ. ಒದ್ದೆ ರಸ್ತೆಯಲ್ಲಿ ಜಾರುವ ಡಂಪರ್ ಮಳೆಗಾಲದ ದೊಡ್ಡ ಅಪಾಯಗಳಲ್ಲೊಂದು. ಚರಂಡಿ ರಸ್ತೆಯನ್ನು ದಾಟುವಲ್ಲಿ ಕೊಳವೆ ಹಾಕಿ.

ಸಂಪ್ ಅನ್ನು ಅತ್ಯಂತ ತಗ್ಗಿನ ಜಾಗದಲ್ಲಿ, ಮಳೆಗೆ ಮೊದಲೇ, ಲೆಕ್ಕಕ್ಕೆ ತಕ್ಕ ಗಾತ್ರದಲ್ಲಿ ತೋಡಿ. ಅದನ್ನು ಎರಡು ಗುಂಡಿಗಳಾಗಿ ಮಾಡಿ, ಮೊದಲ ಗುಂಡಿಯಲ್ಲಿ ಕೆಸರು ತಂಗಿ ಎರಡನೆಯದರಿಂದ ಪಂಪ್ ಎಳೆದರೆ ಇಂಪೆಲ್ಲರ್ (ಪಂಪ್‌ನೊಳಗಿನ ತಿರುಗುವ ಚಕ್ರ) ಸವೆಯುವುದು ಗಣನೀಯವಾಗಿ ಕಡಿಮೆಯಾಗುತ್ತದೆ.

ಮಳೆಗಾಲದ ಉತ್ಪಾದನಾ ಯೋಜನೆಯೂ ನೀರಿನ ಯೋಜನೆಯ ಭಾಗವೇ. ಕಲ್ಲಿದ್ದಲನ್ನು ಮೇಲಿನ ಬೆಂಚ್‌ಗಳಿಂದ ತೆಗೆಯುವಂತೆ ಬೇಸಿಗೆಯಲ್ಲೇ ಸಿದ್ಧಪಡಿಸಿ, ತಳದ ಬೆಂಚ್ ಮುಳುಗಿದರೂ ಕೆಲಸ ನಿಲ್ಲದಂತೆ ನೋಡಿಕೊಂಡರೆ, ನೀರೇರುತ್ತಿರುವಾಗಲೂ ತಳದಲ್ಲಿ ಶವೆಲ್ (ಅಗೆಯುವ ಯಂತ್ರ) ಓಡಿಸಬೇಕೆಂಬ ಒತ್ತಡ ಯಾರ ಮೇಲೂ ಬೀಳುವುದಿಲ್ಲ.

## ಹಂತ 5: ಪಂಪ್, ಕೊಳವೆ, ವಿದ್ಯುತ್ತು

ಪಂಪ್ ಆರಿಸುವಾಗ ಎತ್ತಬೇಕಾದ ಎತ್ತರಕ್ಕೆ ಕೊಳವೆಯ ಘರ್ಷಣೆಯನ್ನೂ ಸೇರಿಸಿ. ಗಂಟೆಗೆ 360 ಘನ ಮೀಟರ್ ನೀರನ್ನು ಒಟ್ಟು 90 ಮೀಟರ್‌ಗೆ ಎತ್ತಲು, ದಕ್ಷತೆ ನೂರಕ್ಕೆ 70 ಇದ್ದರೆ, ಸುಮಾರು 126 ಕಿಲೋವಾಟ್ ಬೇಕು. ವರ್ಷ ಕಳೆದಂತೆ ಗಣಿ ಆಳವಾಗುತ್ತದೆ, ಎತ್ತರ ಹೆಚ್ಚುತ್ತದೆ, ಅದೇ ಪಂಪ್ ಕಡಿಮೆ ನೀರು ಕೊಡುತ್ತದೆ. ನಾಮಫಲಕದ ಅಂಕಿಯನ್ನೇ ವರದಿಯಲ್ಲಿ ಬರೆಯುತ್ತ ಹೋದರೆ ಕೊರತೆ ಕಾಣುವುದು ಗಣಿ ಮುಳುಗಿದ ದಿನವೇ. ನೀರಿನ ಮೇಲಿಟ್ಟ ಪಂಪ್‌ನ ಹೀರುವ ಎತ್ತರ 5 ಮೀಟರ್ ದಾಟದಿರಲಿ. ನೀರು ಬೇಗ ಏರಿಳಿಯುವ ಸಂಪ್‌ಗೆ ಪಾಂಟೂನ್ ಎಂಬ ತೇಲುವ ತೆಪ್ಪದ ಮೇಲೆ ಕೂರಿಸಿದ ಪಂಪ್ ಅಥವಾ ಸಬ್‌ಮರ್ಸಿಬಲ್ ಪಂಪ್ ಲೇಸು. ದಡದಲ್ಲಿ ಕೂರಿಸಿದ್ದು ಎಲ್ಲಕ್ಕಿಂತ ಹೆಚ್ಚು ಬೇಕಾದ ಹೊತ್ತಿನಲ್ಲೇ ಮುಳುಗುತ್ತದೆ.

ಕೊಳವೆಯಲ್ಲಿ ಹಿಮ್ಮುಖ ಹರಿವನ್ನು ತಡೆಯುವ ವಾಲ್ವ್ ಇರಲಿ, ತಿರುವುಗಳಲ್ಲಿ ಕಾಂಕ್ರೀಟ್ ಆಸರೆಯಿರಲಿ. ನೀರು ಬೀಳುವ ಜಾಗವನ್ನು ನೀವೇ ಹೋಗಿ ನೋಡಿ. ಗಣಿಯ ಅಂಚಿನಾಚೆ ಹತ್ತು ಹೆಜ್ಜೆಗೆ ಸುರಿದ ನೀರು ಬಿರುಕುಗಳ ಮೂಲಕ ಮತ್ತೆ ಅದೇ ಸಂಪ್‌ಗೆ ಬರುತ್ತಿರುವ ಗಣಿಗಳಲ್ಲಿ ಪಂಪ್ ಹಗಲಿರುಳು ಓಡುತ್ತದೆ, ನೀರಿನ ಮಟ್ಟ ಇಳಿಯುವುದಿಲ್ಲ.

ವಿದ್ಯುತ್ ಕೇಬಲ್ ನೆಲದಲ್ಲಿ ಬಿದ್ದಿರಬಾರದು, ನೀರಿನಲ್ಲಂತೂ ಕೂಡದು. ಕಂಬ ಅಥವಾ ಆಸರೆಗಳ ಮೇಲೆ ಒಯ್ಯಿರಿ. ಪ್ರತಿ ಪಂಪ್‌ಗೂ ಅರ್ಥ್ ಲೀಕೇಜ್ ರಕ್ಷಣೆ (ವಿದ್ಯುತ್ ಸೋರಿದರೆ ತಾನೇ ಕಡಿಯುವ ಸಾಧನ) ಇರಲಿ, ಅದನ್ನು ನಿಗದಿತ ಅವಧಿಗೆ ಪರೀಕ್ಷಿಸಿ ದಾಖಲಿಸಿ. ಪದೇಪದೇ ಟ್ರಿಪ್ ಆಗುತ್ತದೆಂದು ಆ ರಕ್ಷಣೆಯನ್ನು ತಪ್ಪಿಸಿ ಪಂಪ್ ಓಡಿಸುವುದು ಪಾಂಟೂನ್ ಮೇಲೆ ನಿಂತವನ ಜೀವ ತೆಗೆಯುವ ಕೆಲಸ. ಟ್ರಿಪ್ ಆಗುತ್ತಿದೆಯೆಂದರೆ ಎಲ್ಲೋ ವಿದ್ಯುತ್ ಸೋರುತ್ತಿದೆ ಎಂದೇ ತಿಳಿಯಿರಿ. ಸಬ್‌ಸ್ಟೇಷನ್ ಮುಳುಗದ ಎತ್ತರದಲ್ಲಿರಲಿ, ಕನಿಷ್ಠ ಒಂದು ಪಂಪ್ ಡೀಸೆಲ್‌ನಲ್ಲಿ ಓಡುವಂತಿರಲಿ. ಸಂಪ್ ಬಳಿ ಒಬ್ಬರೇ ಹೋಗಕೂಡದು, ಲೈಫ್ ಜಾಕೆಟ್ ಇಲ್ಲದೆ ಪಾಂಟೂನ್ ಹತ್ತಕೂಡದು. ಮೇ ತಿಂಗಳಲ್ಲಿ ಎಲ್ಲ ಪಂಪ್‌ಗಳನ್ನೂ ಒಟ್ಟಿಗೆ ಓಡಿಸಿ ನೋಡಿ. ಒಂದೊಂದಾಗಿ ಓಡಿಸಿದರೆ ಟ್ರಾನ್ಸ್‌ಫಾರ್ಮರ್‌ನ ಮಿತಿ ಗೊತ್ತಾಗುವುದಿಲ್ಲ.

## ಹಂತ 6: ಹಳೆಯ ಗ್ಯಾಲರಿಗಳಲ್ಲಿ ನಿಂತ ನೀರು

ಭಾರತದ ಕಲ್ಲಿದ್ದಲು ಗಣಿಗಳ ಅತಿ ದೊಡ್ಡ ಜಲದುರಂತಗಳು ಇಲ್ಲೇ ಹುಟ್ಟಿವೆ. 1975ರ ಡಿಸೆಂಬರ್ 27ರಂದು ಧನಬಾದ್ ಬಳಿಯ ಚಾಸ್ನಾಲಾದಲ್ಲಿ ಮೇಲಿನ ಹಳೆಯ ಗ್ಯಾಲರಿಗಳಲ್ಲಿ ನಿಂತಿದ್ದ ನೀರು ಕೆಳಗಿನ ಗಣಿಗೆ ನುಗ್ಗಿ 375 ಮಂದಿ ಸತ್ತರು. 2001ರಲ್ಲಿ ಬಾಗ್ಡಿಗಿಯಲ್ಲಿ ನೆರೆಯ ಹಳೆಯ ಗಣಿಯ ನೀರು 29 ಮಂದಿಯನ್ನು ಬಲಿ ತೆಗೆದುಕೊಂಡಿತು. 2003ರ ಜೂನ್‌ನಲ್ಲಿ ಸಿಂಗರೇಣಿಯ ಗೋದಾವರಿಖನಿಯಲ್ಲಿ 17 ಮಂದಿ ಸತ್ತರು. ಹಾಗಾಗಿ ಈ ಹಂತಕ್ಕೆ ಉಳಿದ ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಿ.

ಹಳೆಯ ನಕ್ಷೆಯನ್ನು ನಂಬಬೇಡಿ. ಗಣಿ ಮುಚ್ಚುವ ಮುನ್ನ ಕೊನೆಯ ತಿಂಗಳುಗಳಲ್ಲಿ ತೆಗೆದ ಕಲ್ಲಿದ್ದಲು ಎಷ್ಟೋ ಸಲ ನಕ್ಷೆಗೆ ಏರಿರುವುದಿಲ್ಲ, ಅಳತೆಯ ಮೂಲಬಿಂದು ಬದಲಾಗಿರುತ್ತದೆ, ಗಡಿಯಾಚೆಗೆ ಅಗೆದಿರುತ್ತಾರೆ. ನೀರು, ಅಥವಾ ನೀರಿರಬಹುದೆಂಬ ಸಂಶಯ, ಇರುವ ಹಳೆಯ ಅಗೆತದಿಂದ 60 ಮೀಟರ್ ದೂರಕ್ಕೆ ನೆಲದಡಿಯ ಕೆಲಸ ಬಂದರೆ, ಲಿಖಿತ ಅನುಮತಿಯಿಲ್ಲದೆ ಮುಂದುವರಿಯುವಂತಿಲ್ಲ. ಅನುಮತಿ ಸಿಕ್ಕ ಮೇಲೂ ಅಗೆತದ ಎತ್ತರ ಮತ್ತು ಅಗಲ 2.4 ಮೀಟರ್ ಮೀರಬಾರದು. ಮುಖದ, ಅಂದರೆ ಅಗೆಯುತ್ತ ಮುಂದೆ ಸಾಗುವ ಕಲ್ಲಿದ್ದಲ ಗೋಡೆಯ, ಮಧ್ಯದಲ್ಲಿ ಒಂದು ಬೋರ್‌ಹೋಲ್, ಎರಡೂ ಪಕ್ಕಗಳಿಗೆ ಸಾಕಷ್ಟು, ಅಗತ್ಯವಿದ್ದಲ್ಲಿ ಮೇಲಕ್ಕೂ ಕೆಳಕ್ಕೂ, ಎಲ್ಲವೂ ಮುಖಕ್ಕಿಂತ ಸದಾ ಕನಿಷ್ಠ 3 ಮೀಟರ್ ಮುಂದೆ ಇರಬೇಕು. ಇದು ಕನಿಷ್ಠ ಮಿತಿ. ನೀರಿನ ಒತ್ತಡ ಹೆಚ್ಚಿರುವಲ್ಲಿ ಇನ್ನೂ ದೂರ ಕೊರೆಯಿರಿ. ನೀರು 40 ಮೀಟರ್ ಎತ್ತರಕ್ಕೆ ನಿಂತಿದ್ದರೆ ಬೋರ್‌ಹೋಲ್‌ನ ಬಾಯಲ್ಲಿ ಒಂದು ಚದರ ಸೆಂಟಿಮೀಟರ್ ಮೇಲೆ 4 ಕಿಲೋಗ್ರಾಂ ಒತ್ತಡವಿರುತ್ತದೆ. ಆದ್ದರಿಂದ ವಾಲ್ವ್ ಇರುವ ಸುರಕ್ಷಾ ಕೊರೆಯುವ ಸಾಧನವನ್ನೇ ಬಳಸಿ.

ತೆರೆದ ಗಣಿಯವರು ಇದು ತಮಗೆ ಸಂಬಂಧಿಸಿದ್ದಲ್ಲ ಎಂದು ಭಾವಿಸುವುದೇ ಮುಖ್ಯ ತಪ್ಪು. ಬೆಂಚ್ ಹಳೆಯ ಗ್ಯಾಲರಿಯತ್ತ ಸರಿದಾಗ ಅದೇ ನೀರು ಶವೆಲ್ ಮುಂದೆ ಒಡೆಯುತ್ತದೆ. ಸುರಕ್ಷಿತ ವಿಧಾನವೆಂದರೆ ಮೇಲ್ಮೈಯಿಂದಲೇ ಹಳೆಯ ಗ್ಯಾಲರಿಗೆ ಬೋರ್‌ಹೋಲ್ ಕೊರೆದು, ಸಬ್‌ಮರ್ಸಿಬಲ್ ಪಂಪ್ ಇಳಿಸಿ, ಬೆಂಚ್ ಹತ್ತಿರ ಬರುವ ಮೊದಲೇ ನೀರನ್ನು ಖಾಲಿ ಮಾಡುವುದು. ಇಲ್ಲಿ ಒಂದು ಬೋರ್‌ಹೋಲ್ ಒಣಗಿದೆಯೆಂದು ನಿರಾಳವಾಗಬೇಡಿ. ಛಾವಣಿಯ ಆಸರೆಗೆ ಕಲ್ಲಿದ್ದಲ ಕಂಬಗಳನ್ನು ಉಳಿಸಿ ಅಗೆದ ಗಣಿಯಲ್ಲಿ ನಿಮ್ಮ ಬೋರ್‌ಹೋಲ್ ಕಂಬಕ್ಕೇ ತಗುಲಿದರೆ ಗಟ್ಟಿ ಕಲ್ಲಿದ್ದಲು ಬರುತ್ತದೆ, ನೀರು ಬರುವುದಿಲ್ಲ. ಎರಡು ಮೀಟರ್ ಪಕ್ಕದಲ್ಲಿ ಗ್ಯಾಲರಿ ತುಂಬಿ ನಿಂತಿರಬಹುದು. ಕಂಬ ಮತ್ತು ಗ್ಯಾಲರಿಯ ಅಳತೆಗೆ ಹೊಂದುವಂತೆ ಹಲವು ಕೊರೆದು, ಎಲ್ಲದರ ನೀರಿನ ಮಟ್ಟವನ್ನು ಹೋಲಿಸಿ. ಒಂದರಲ್ಲಿ ನೀರು ಇಳಿಯುತ್ತ ಇನ್ನೊಂದರಲ್ಲಿ ಹಾಗೇ ನಿಂತಿದ್ದರೆ ನಡುವೆ ಎಲ್ಲೋ ಗ್ಯಾಲರಿ ಕುಸಿದು ಮುಚ್ಚಿಕೊಂಡಿದೆ, ಆಚೆಗಿನ ನೀರು ಇನ್ನೂ ಉಳಿದಿದೆ.

ನೀರು ಇಳಿದ ಜಾಗಕ್ಕೆ ಅನಿಲ ಬರುತ್ತದೆ. ಹಳೆಯ ಗ್ಯಾಲರಿಗಳಲ್ಲಿ ಆಮ್ಲಜನಕ ಕಡಿಮೆಯಿರುವ ಗಾಳಿ, ಮೀಥೇನ್, ಹೈಡ್ರೋಜನ್ ಸಲ್ಫೈಡ್ ಸೇರಿರಬಹುದು. ಆಮ್ಲಜನಕ ನೂರಕ್ಕೆ 19ಕ್ಕಿಂತ ಕಡಿಮೆ ತೋರಿಸಿದರೆ ಅಲ್ಲಿ ಯಾರೂ ಇರಬಾರದು, ಮೀಥೇನ್ ನೂರಕ್ಕೆ 1.25 ದಾಟಿದರೆ ವಿದ್ಯುತ್ ಕಡಿಯಬೇಕು. ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡ್‌ನ ಗುರುತು, ಆದರೆ ಪ್ರಮಾಣ ಹೆಚ್ಚಾದಾಗ ಅದು ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ನಿಂತಿತೆಂದು ಮುಂದೆ ಹೋಗಬೇಡಿ, ಮಾಪಕ ನೋಡಿ.

ಕೂಡಲೇ ಜನರನ್ನು ಹಿಂದಕ್ಕೆ ಕರೆಯಬೇಕಾದ ಲಕ್ಷಣಗಳು ಇವು: ಒಣಗಿದ್ದ ಕಲ್ಲಿದ್ದಲ ಮುಖ ಬೆವರಿದಂತೆ ಒದ್ದೆಯಾಗುವುದು, ತುಕ್ಕಿನ ಬಣ್ಣದ ನೀರು ಜಿನುಗುವುದು, ಕೊರೆದ ರಂಧ್ರದಿಂದ ನೀರು ಒತ್ತಡದಿಂದ ಚಿಮ್ಮುವುದು, ಗಟ್ಟಿ ಕಲ್ಲಿದ್ದಲು ಮೆತ್ತಗಾಗುವುದು, ಮುಖದ ಹಿಂದಿನಿಂದ ಅಪರಿಚಿತ ಸದ್ದು ಕೇಳುವುದು. ಇವುಗಳಲ್ಲಿ ಒಂದು ಕಂಡರೂ ಸಾಕು, ಎರಡನೆಯದಕ್ಕೆ ಕಾಯಬಾರದು.

## ಹಂತ 7: ಗೋಡೆಗಳು ಮತ್ತು ಡಂಪ್‌ಗಳು

ನೀರು ಇಳಿಜಾರನ್ನು ಬೀಳಿಸುವುದು ಮುಖ್ಯವಾಗಿ ಮೂರು ಬಗೆಯಲ್ಲಿ: ಬಿರುಕುಗಳಲ್ಲಿ ತುಂಬಿ ತಳ್ಳುತ್ತದೆ, ಪದರಗಳ ನಡುವಿನ ಜೇಡಿಯನ್ನು ಜಾರುವಂತೆ ಮಾಡುತ್ತದೆ, ಬುಡವನ್ನು ನೆನೆಸಿ ಸಡಿಲಿಸುತ್ತದೆ. 2016ರ ಡಿಸೆಂಬರ್‌ನಲ್ಲಿ ಜಾರ್ಖಂಡ್‌ನ ಲಾಲ್‌ಮಟಿಯಾದ ರಾಜಮಹಲ್ ತೆರೆದ ಗಣಿಯಲ್ಲಿ ಮಣ್ಣಿನ ರಾಶಿ ಕುಸಿದು 23 ಮಂದಿ ಸತ್ತದ್ದು ಮಳೆಗಾಲ ಮುಗಿದ ಎಷ್ಟೋ ವಾರಗಳ ನಂತರ. ಮಳೆ ನಿಂತಾಕ್ಷಣ ಇಳಿಜಾರಿನ ನಿಗಾ ನಿಲ್ಲಿಸಬಾರದು.

ಡಂಪ್‌ನ ಇಳಿಜಾರು 37.5 ಡಿಗ್ರಿ ಮೀರಬಾರದು, ಎತ್ತರ 30 ಮೀಟರ್ ದಾಟಿದರೆ ಬೆಂಚ್ ಮಾಡಬೇಕು. ಎರೆಮಣ್ಣಿನ ಮೇಲೆ ನೇರವಾಗಿ ಡಂಪ್ ಹಾಕಿದರೆ ಒದ್ದೆಯಾದ ಎರೆಯೇ ಜಾರುಮಣೆಯಾಗುತ್ತದೆ. ಮೊದಲು ಅದನ್ನು ತೆಗೆದು ಬೇರೆಡೆ ಸಂಗ್ರಹಿಸಿ. ಡಂಪ್‌ನ ನೆತ್ತಿಯಲ್ಲಿ ನೀರು ನಿಲ್ಲದಂತೆ ಇಳಿಜಾರು ಕೊಡಿ, ಬುಡದಲ್ಲಿ ನೀರು ನಿಲ್ಲದಂತೆ ಚರಂಡಿ ತೋಡಿ.

ಅಂಚಿನ ಹಿಂದೆ ಕಂಡ ಪ್ರತಿ ಬಿರುಕಿನ ಎರಡೂ ಬದಿಗೆ ಗೂಟ ನೆಟ್ಟು ದೂರವನ್ನು ದಿನವೂ ಬರೆಯಿರಿ. ಬಿರುಕು ಎಷ್ಟು ಅಗಲವಾಗಿದೆ ಎಂಬುದಕ್ಕಿಂತ ಎಷ್ಟು ವೇಗದಲ್ಲಿ ಅಗಲವಾಗುತ್ತಿದೆ ಎಂಬುದು ಮುಖ್ಯ. ನಿನ್ನೆಗಿಂತ ಇಂದು ಹೆಚ್ಚು, ಬೆಳಗ್ಗೆಗಿಂತ ಸಂಜೆಗೆ ಇನ್ನೂ ಹೆಚ್ಚು ಎಂದಾದರೆ ಕೆಳಗಿನ ಜನ ಮತ್ತು ಯಂತ್ರಗಳನ್ನು ತೆಗೆಸಿ. ಬುಡ ಉಬ್ಬುವುದು, ಸಣ್ಣ ಕಲ್ಲುಗಳು ನಿಲ್ಲದೆ ಉರುಳುವುದು, ತಿಳಿಯಾಗಿದ್ದ ಜಿನುಗು ಕೆಸರಾಗುವುದು ಅಪಾಯದ ಗುರುತುಗಳು. ಸದಾ ಹರಿಯುತ್ತಿದ್ದ ಜಿನುಗು ಮಳೆಗಾಲದಲ್ಲಿ ಇದ್ದಕ್ಕಿದ್ದಂತೆ ನಿಂತರೆ ಅದೂ ಕೆಟ್ಟ ಲಕ್ಷಣವೇ: ನೀರಿನ ದಾರಿ ಮುಚ್ಚಿ ಒಳಗೆ ಒತ್ತಡ ಕೂಡುತ್ತಿರಬಹುದು.

## ಹಂತ 8: ತೆರವಿನ ಆದೇಶ ಯಾರದು ಎಂದು ಮೊದಲೇ ಬರೆದಿಡಿ

ಸಂಪ್‌ನ ಅಳತೆ ಪಟ್ಟಿಯಲ್ಲಿ ಎರಡು ಗುರುತು ಹಾಕಿ. ಹಳದಿ ಮುಟ್ಟಿದರೆ ಯಂತ್ರಗಳನ್ನು ಮೇಲಿನ ಬೆಂಚ್‌ಗೆ ಸಾಗಿಸುವುದು. ಕೆಂಪು ಮುಟ್ಟಿದರೆ ಯಂತ್ರಗಳನ್ನು ಬಿಟ್ಟು ಜನ ಹೊರಬರುವುದು. ನದಿಯ ಕಂಬದಲ್ಲೂ ಹೀಗೆಯೇ. ನದಿಯ ಮೇಲ್ಭಾಗದಲ್ಲಿ ಅಣೆಕಟ್ಟಿದ್ದರೆ ನೀರು ಬಿಡುವ ಮುನ್ಸೂಚನೆ ಗಣಿಯ ನಿಯಂತ್ರಣ ಕೊಠಡಿಗೆ ನೇರವಾಗಿ ತಲುಪುವಂತೆ ಲಿಖಿತ ವ್ಯವಸ್ಥೆ ಮಾಡಿಕೊಳ್ಳಿ, ರಾತ್ರಿ ಪಾಳಿಗೂ ನದಿ ಕಾವಲಿಗೆ ಜನರನ್ನು ನೇಮಿಸಿ.

ರಾತ್ರಿ ಎರಡು ಗಂಟೆಗೆ ಕೆಂಪು ಗುರುತು ಮುಳುಗಿದಾಗ ಪಾಳಿಯ ಮೇಲ್ವಿಚಾರಕರಾದ ಮೈನಿಂಗ್ ಸಿರ್ದಾರ್ ಅಥವಾ ಓವರ್‌ಮನ್ ಯಾರಿಗೂ ಫೋನ್ ಮಾಡಿ ಕೇಳದೆ ಸೈರನ್ ಒತ್ತುವ ಅಧಿಕಾರ ಹೊಂದಿರಬೇಕು, ಮತ್ತು ಸುಳ್ಳು ಎಚ್ಚರಿಕೆಯಾದರೂ ತಮ್ಮ ಮೇಲೆ ಕ್ರಮವಿಲ್ಲವೆಂಬ ಲಿಖಿತ ಭರವಸೆ ಅವರ ಕೈಯಲ್ಲಿರಬೇಕು. ಈ ಒಂದು ಕಾಗದವಿಲ್ಲದ ತೆರವು ಯೋಜನೆಯನ್ನು ನಾನು ಯೋಜನೆಯೆಂದು ಒಪ್ಪುವುದಿಲ್ಲ. ಹೊರಬರುವ ರಸ್ತೆ ಎರಡಿರಲಿ. ಒಂದೇ ರಸ್ತೆ ತಗ್ಗಿನಲ್ಲಿ ಮುಳುಗಿದರೆ ಮೇಲಿನವರೂ ಸಿಕ್ಕಿಬೀಳುತ್ತಾರೆ. ಒಳಗೆ ಹೋದವರ ಹಾಜರಿ ಗುತ್ತಿಗೆ ಕಾರ್ಮಿಕರನ್ನೂ ಡಂಪರ್ ಸಹಾಯಕರನ್ನೂ ಒಳಗೊಂಡಿರಬೇಕು. 1989ರ ನವೆಂಬರ್‌ನಲ್ಲಿ ಪಶ್ಚಿಮ ಬಂಗಾಳದ ರಾಣಿಗಂಜ್‌ನ ಮಹಾಬೀರ್ ಗಣಿಗೆ ನೀರು ನುಗ್ಗಿದಾಗ ಇಂಜಿನಿಯರ್ ಜಸ್ವಂತ್ ಸಿಂಗ್ ಗಿಲ್ ನೇತೃತ್ವದಲ್ಲಿ ಬೋರ್‌ಹೋಲ್ ಮೂಲಕ ಉಕ್ಕಿನ ಕೋಶವಿಳಿಸಿ 65 ಮಂದಿಯನ್ನು ಮೇಲೆತ್ತಲಾಯಿತು. ಸಿಕ್ಕಿಬಿದ್ದವರು ಎಲ್ಲಿದ್ದಾರೆ, ಎಷ್ಟು ಮಂದಿ ಎಂಬುದು ತಿಳಿಯದೆ ಬೋರ್‌ಹೋಲ್ ಎಲ್ಲಿ ಕೊರೆಯಬೇಕೆಂದು ಯಾರೂ ಹೇಳಲಾರರು. ಅಣಕು ತೆರವನ್ನು ಮೇ ತಿಂಗಳಲ್ಲಿ ಒಮ್ಮೆಯಾದರೂ ರಾತ್ರಿ ಪಾಳಿಯಲ್ಲಿ ನಡೆಸಿ.

## ಹಂತ 9: ಮಳೆಯ ನಂತರ ಮತ್ತೆ ಒಳಗೆ ಹೋಗುವ ಕ್ರಮ

ಮೊದಲು ಮೇಲಿನ ಅಂಚು ಮತ್ತು ಬಿರುಕುಗಳು, ನಂತರ ರಸ್ತೆ, ನಂತರ ಕೇಬಲ್ ಮತ್ತು ಸ್ವಿಚ್‌ಗಳು, ಕೊನೆಗೆ ತಳ. ಪರಿಶೀಲನೆ ಮುಗಿಯುವವರೆಗೆ ಡಂಪರ್ ಬಿಡಬೇಡಿ.

ನೀರನ್ನು ತೀರ ವೇಗವಾಗಿ ಇಳಿಸಬೇಡಿ ಎಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ತಳದಲ್ಲಿ ಆಳವಾಗಿ ನಿಂತ ನೀರು ಗೋಡೆಯ ಬುಡಕ್ಕೆ ಆಸರೆಯಾಗಿರುತ್ತದೆ. ಅದನ್ನು ತಟ್ಟನೆ ತೆಗೆದಾಗ ಗೋಡೆಯೊಳಗೆ ನೆನೆದ ನೀರು ಅಷ್ಟೇ ಬೇಗ ಹೊರಬರಲಾರದೆ ಒಳಗಿನಿಂದ ತಳ್ಳುತ್ತದೆ, ಗೋಡೆ ಕುಸಿಯುತ್ತದೆ. ದಿನಕ್ಕೆ ಎಷ್ಟು ಇಳಿಸಬಹುದೆಂದು ಇಳಿಜಾರು ತಜ್ಞರಿಂದ ತಿಳಿದು, ಬಿರುಕಿನ ಗೂಟಗಳನ್ನು ನೋಡುತ್ತಲೇ ಇಳಿಸಿ.

ಸಿಡಿಮದ್ದು ತುಂಬಿದ್ದ ರಂಧ್ರಗಳು ಮುಳುಗಿದ್ದರೆ ಬ್ಲಾಸ್ಟಿಂಗ್ ಅಧಿಕಾರಿ ಬರುವವರೆಗೆ ಆ ಜಾಗಕ್ಕೆ ಬೇಲಿ ಹಾಕಿ. ಒದ್ದೆ ರಂಧ್ರಕ್ಕೆ ಅಮೋನಿಯಂ ನೈಟ್ರೇಟ್ ಮತ್ತು ಡೀಸೆಲ್ ಮಿಶ್ರಣ ಕೆಲಸಕ್ಕೆ ಬಾರದು. ನೀರು ತಾಳುವ ಇಮಲ್ಷನ್ ಬಳಸಿ.

## ಹಂತ 10: ಹೊರಬಿಡುವ ನೀರು

ಗಣಿಯ ನೀರು ಹಳ್ಳಕ್ಕೆ ಸೇರುವ ಮೊದಲು ತಂಗುಕೊಳದಲ್ಲಿ ನಿಲ್ಲಬೇಕು. ಪಿಎಚ್ 5.5ರಿಂದ 9ರ ನಡುವೆ, ತೇಲುಕಣಗಳು ಲೀಟರಿಗೆ 100 ಮಿಲಿಗ್ರಾಂ ಒಳಗೆ, ಎಣ್ಣೆ 10 ಮಿಲಿಗ್ರಾಂ ಒಳಗೆ ಇರಬೇಕು. ಗಂಧಕ ಹೆಚ್ಚಿರುವ ಮೇಘಾಲಯ, ಅಸ್ಸಾಂಗಳ ಕಲ್ಲಿದ್ದಲಿನಿಂದ ಆಮ್ಲದ ನೀರು ಬರುತ್ತದೆ, ಅದಕ್ಕೆ ಸುಣ್ಣದ ಸಂಸ್ಕರಣೆ ಬೇಕು. ಗಂಧಕ ಕಡಿಮೆಯಿರುವ ಗಣಿಗಳಲ್ಲೂ ಪಿಎಚ್ ಅಳೆಯುವುದನ್ನು ಬಿಡಬೇಡಿ. ತಂಗುಕೊಳದ ಕೆಸರನ್ನು ಬೇಸಿಗೆಯಲ್ಲಿ ತೆಗೆಯದಿದ್ದರೆ ಜುಲೈ ಹೊತ್ತಿಗೆ ಅದು ಹೆಸರಿಗೆ ಮಾತ್ರ ಕೊಳವಾಗಿರುತ್ತದೆ. ಕೆಳಗಿನ ಊರಿನ ರೈತರಿಗೆ ನೀರು ಬಿಡುವ ಸಮಯವನ್ನು ತಿಳಿಸುವುದು ಗಣಿಯ ಕರ್ತವ್ಯ. ಹಳ್ಳದಲ್ಲಿ ಎತ್ತು ತೊಳೆಯುತ್ತ ನಿಂತವರಿಗೆ ನಿಮ್ಮ ಪಂಪ್‌ನ ವೇಳಾಪಟ್ಟಿ ಗೊತ್ತಿರುವುದಿಲ್ಲ.

ಅಕ್ಟೋಬರ್‌ನಲ್ಲಿ, ಗೋಡೆಗಳ ಮೇಲೆ ನೀರಿನ ಗೆರೆ ಇನ್ನೂ ಅಳಿಯದಿರುವಾಗಲೇ, ಸರ್ವೇಯರ್‌ನನ್ನು ಕರೆದು ಈ ವರ್ಷ ನೀರು ಮುಟ್ಟಿದ ಅತ್ಯುನ್ನತ ಮಟ್ಟ, ಕಾಲುವೆ ಉಕ್ಕಿದ ಜಾಗಗಳು ಮತ್ತು ಹೊಸ ಬಿರುಕುಗಳನ್ನು ನಕ್ಷೆಗೆ ಏರಿಸಿ, ಪ್ರತಿ ಪಂಪ್ ನಿಜವಾಗಿ ಓಡಿದ ಗಂಟೆಗಳನ್ನು ಅದರ ಪಕ್ಕದಲ್ಲೇ ಬರೆಸಿ. ಜನವರಿಯಲ್ಲಿ ಹಂತ 1ಕ್ಕೆ ಕೂರುವಾಗ ಮೊದಲು ತೆರೆಯಬೇಕಾದದ್ದು ಈ ಹಾಳೆಯನ್ನೇ.